ಎರಡು ಸಲ ಮಾರಿದ ಕುಂಬಳಕಾಯಿ

ಗ್ರೀಕ್ ವ್ಯಾಕರಣ ಮತ್ತು ನಿಘಂಟಿಗೆ ನಾನು ತೆತ್ತ ಬೆಲೆ, ಹಾಲು ಕೊಡುತ್ತಿದ್ದ ಒಂದು ಎಮ್ಮೆ. ಯೇಸುವಿನ ಮೊದಲ ಅನುಯಾಯಿಗಳ ಪತ್ರಗಳಿರುವುದು ಗ್ರೀಕಿನಲ್ಲಿ; ಅದು ಬಾರದವನನ್ನು ಆ ವಿಷಯದ ಸಂಶೋಧನೆಗೆ ಯಾರೂ ಹತ್ತಿರ ಸೇರಿಸುವುದಿಲ್ಲ. ಬಸವಕಲ್ಯಾಣದ ಸಂತೆಯಲ್ಲಿ ಎಮ್ಮೆಗೆ ಒಳ್ಳೆಯ ದರವನ್ನೇ ಕುದುರಿಸಿದ್ದೆ. ಆದರೂ ಪುಸ್ತಕದ ಗಂಟು ನೋಡಿದ ಅವ್ವ, “ಛಲೋ ಆತು. ನಾಳೆ ಮುಂಜಾನೆ ಎದ್ದು ಇದನ್ನ ಹಿಂಡು” ಎಂದಳು.

ವರ್ಷಗಟ್ಟಲೆ ಹಿಂಡಿದೆ. ಒಂದೇ ಕಡೆ ಸಿಕ್ಕಿಕೊಂಡಿದ್ದೆ. ದೂರದ ಊರುಗಳ ಬಡ ಕ್ರೈಸ್ತ ಸಭೆಗಳು, ಕಂಡೇ ಇಲ್ಲದ ಯೆರೂಸಲೇಮಿನ ಬಡವರಿಗೆ ದೇಣಿಗೆ ಕೊಡಲು ತಾವೇ ಅವಕಾಶ ಬೇಡಿದವು ಎಂದು ಆ ಪತ್ರಗಳೊಂದರಲ್ಲಿದೆ. ಕೊಡಲಿಕ್ಕೆ ಯಾರಾದರೂ ಬೇಡುತ್ತಾರೆಯೇ? ಇತ್ತ ಮಾರ್ಗದರ್ಶಕರು, ಬರುವ ವರ್ಷದೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು ಎಂದುಬಿಟ್ಟರು.

ಆ ಸುಗ್ಗಿಯಲ್ಲಿ ಹುಮನಾಬಾದಿನಿಂದ ಬಸ್ ಹಿಡಿದು ದುಬಲಗುಂಡಿಯ ಕ್ರೈಸ್ತರ ಆರಾಧನೆಗೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ಕಾಣಿಕೆಯಾಗಿ ಬಂದ ಜೋಳ, ತೊಗರಿ, ಕೋಳಿಗಳನ್ನು ಸವಾಲಿಗೆ, ಅಂದರೆ ಹರಾಜಿಗೆ, ಇಟ್ಟರು. ಒಂದು ಕುಂಬಳಕಾಯಿಗೆ ಕೂಗು ಏರತೊಡಗಿತು. ಚೌಕಾಸಿಯ ನನ್ನ ಹಳೆಯ ಚಟ ಸುಮ್ಮನಿರಲಿಲ್ಲ: “ಸಂತ್ಯಾಗ ಇದರ ಅರ್ಧಕ್ಕ ಸಿಗ್ತದ!”

ಅದನ್ನು ತಂದಿದ್ದ ಮುದುಕಿ ತಿರುಗಿ ನೋಡಿದಳು. “ಹಂಗಾರ ಸಂತಿಗೇ ಹೋಗ್ರಿ ಸಾಹೇಬ್ರ! ಇಲ್ಲಿ ದರ ಇಳಸಾಕ ನಿಮ್ಮನ್ಯಾರ ಕರದಾರ?”

ಎಲ್ಲರೂ ನಕ್ಕರು. ಸವಾಲು ಗೆದ್ದ ಕೂಲಿಯವನು ಹಣ ಕೊಟ್ಟು, ಕಾಯಿಯನ್ನು ಮತ್ತೆ ಮೇಜಿನ ಮೇಲೆಯೇ ಇಟ್ಟ! ಅದು ಮತ್ತೆ ಸವಾಲಾಯಿತು.

“ಇದ್ಯಾಕ ಹಿಂಗ, ಅವ್ವಾರ?” ಎಂದು ಮುದುಕಿಯನ್ನು ಕೇಳಿದೆ.

“ನಾ ಒಬ್ಬಾಕಿ ಬೆಳದದ್ರಿ ಅದು. ಈಗ ನೋಡ್ರಿ, ಎಲ್ಲಾರದೂ ಆಗಾಕತ್ತದ.”

ಬಸ್ಸಿನಲ್ಲಿ ಕುಳಿತಾಗ ಪ್ರಬಂಧ ತಲೆಯಲ್ಲಿ ಸಿದ್ಧವಾಗಿತ್ತು. ಆ ಸಭೆಗಳ ದೇಣಿಗೆ, ಮೊದಲೇ ಒಂದಾಗಿದ್ದವರು ಕೊಟ್ಟದ್ದಲ್ಲ. ಕೊಟ್ಟುಕೊಟ್ಟೇ ಅವರು ಒಂದಾದದ್ದು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ವಿದ್ವಾಂಸರು, “ಕುಂಬಳಕಾಯಿ ನಿಮ್ಮ ಪುರಾವೆಯೋ?” ಎಂದು ಕೆಣಕಿದರು. “ಅಲ್ಲ, ದಾರಿ ತೋರಿಸಿದ್ದಷ್ಟೇ ಅದು. ಪುರಾವೆ ಪತ್ರದಲ್ಲಿದೆ” ಎಂದು ಗ್ರೀಕ್ ಸಾಲುಗಳನ್ನು ಒಂದೊಂದಾಗಿ ಬಿಡಿಸಿಟ್ಟೆ. ಕೊನೆಗೆ ಅವರೇ ಎದ್ದು ಬಂದು ಕೈ ಕುಲುಕಿದರು. ಪದವಿ ಬಂತು, ಕಾಲೇಜಿನ ನೌಕರಿ ಬಂತು. ಮೊದಲ ಸಂಬಳದಲ್ಲಿ ಎಮ್ಮೆ ತಂದು ಕಟ್ಟಿದೆ. ಅವ್ವ ಅದರ ಬೆನ್ನು ಸವರುತ್ತ, “ಪುಸ್ತಕಾನ ಹಿಂಡೇ ಬಿಟ್ಟೆಲ್ಲೋ!” ಎಂದಳು.

ಧರ್ಮಗಳನ್ನು ಓದಲು ಹೊರಟವರಿಗೆ ನನ್ನ ಮಾತು ಇಷ್ಟು. ಮೊದಲು ಭಾಷೆ ಕಲಿಯಿರಿ, ಅದರಲ್ಲಿ ಜಿಪುಣತನ ಬೇಡ. ಪುಸ್ತಕವನ್ನು ಚೌಕಾಸಿ ಮಾಡಿಯೇ ಕೊಳ್ಳಿರಿ. ಆದರೆ ಜನ ಎಲ್ಲಿ ದರವನ್ನು ತಾವೇ ಏರಿಸುತ್ತಾರೋ ಅಲ್ಲಿ ಬಾಯಿ ಮುಚ್ಚಿ ಕೂತುಕೊಳ್ಳಿ. ನೀವು ಹುಡುಕುತ್ತಿರುವುದು ಅಲ್ಲೇ ಇರುತ್ತದೆ.