ಚೌಕ ತೂತಿನ ಹಠ

ಫೋನಿನಲ್ಲಿ ಟೈಪ್ ಮಾಡಲು ಕಲಿತ ಮೇಲೆ ನನಗೊಂದು ಸಂಗತಿ ಹೊಳೆಯಿತು. ಅಜ್ಜಿಯಾದವಳು ಹೊಸ ವಿದ್ಯೆ ಕಲಿತರೆ, ಮಗುವಿಗೆ ಹಲ್ಲು ಮೂಡಿದಷ್ಟು ಖುಷಿಯಲ್ಲಿ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹಳೆಯ ವಿದ್ಯೆ ತೋರಿಸಹೋದರೆ ಮಾತ್ರ 'ಸುಮ್ನೆ ಕೂತ್ಕೊ' ಅನ್ನುತ್ತಾರೆ.

ನನ್ನ ಹಳೆಯ ವಿದ್ಯೆ ಅರ ಹಾಕುವುದು, ಅಂದರೆ ಒರಟು ಉಕ್ಕಿನ ಕಡ್ಡಿಯಿಂದ ಕಬ್ಬಿಣ ಉಜ್ಜುವುದು. ಸ್ಟೋರಿನ ಮೇಜಿಗೆ ಬಿಗಿದಿದ್ದ ವೈಸಿನ ಕಬ್ಬಿಣದ ದವಡೆಯಲ್ಲಿ ಈಳಿಗೆಮಣೆಯ ಅಲಗನ್ನೂ ತೋಟದ ಕತ್ತಿಗಳನ್ನೂ ಕಚ್ಚಿಸಿ ನಾನೇ ಹರಿತ ಮಾಡುತ್ತಿದ್ದೆ. ಕಾಫಿ ಚೀಲಕ್ಕೆ ಜಾಗ ಬೇಕೆಂದು ಮಗ ಸುರೇಶ ಮೊನ್ನೆ ಆ ವೈಸನ್ನು ಬಿಚ್ಚಿ ಅಂಗಳದಲ್ಲಿಟ್ಟ. ಸಂಜೆ ಹಾನುಬಾಳಿನಿಂದ ಗುಜರಿ ಜೀಪು ಬರುವುದಿತ್ತು.

"ನಂಗೆ ಬೇಕು ಕಣೋ ಅದು."

"ಅದ್ರಲ್ಲಿ ಏನ್ ಮಾಡ್ತೀಯವ್ವಾ ಈಗ?"

"ಗೇಟಿನ ಚಿಲ್ಕ ಮಾಡ್ತೀನಿ."

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಚಿಲಕ ಸಡಿಲಾಗಿ ತೋಟಕ್ಕೆ ದನ ನುಗ್ಗುತ್ತಿದ್ದದ್ದು ನಿಜ. ಆದರೆ ಹೊಸ ಚಿಲಕದ ಕಬ್ಬಿಣದ ಪಟ್ಟಿಗೆ ಹಾಕಬೇಕಾದ ಬೋಲ್ಟಿನ ತಲೆ ದುಂಡು, ತಲೆಯ ಕೆಳಗಿನ ಕತ್ತು ಚೌಕ. ದುಂಡು ತೂತಿಗೆ ಹಾಕಿದರೆ ನಟ್ಟಿನ ಜೊತೆ ಬೋಲ್ಟೂ ಗಿರಗಿರ ತಿರುಗುತ್ತದೆ. ಚೌಕ ತೂತೇ ಆಗಬೇಕು.

"ಜೀಪು ಬರೋದ್ರೊಳಗೆ ಚೌಕ ತೂತು ಮಾಡ್ಬುಡು, ವೈಸು ನಿಂದೇ," ಎಂದು ಸುರೇಶ ನಕ್ಕ.

"ಹಂಗಾರೆ ಬಿಚ್ಚಿದ ಕೈಯಲ್ಲೇ ಬಿಗಿದು ಕೊಡು ಮಾರಾಯ."

ಗೊಣಗುತ್ತಾ ಬಿಗಿದ.

ದುಂಡಗೆ ಮಾಡುವುದು ಏನು ಮಹಾ? ನನ್ನ ಅಡುಗೆಮನೆಯೆಲ್ಲ ದುಂಡೇ: ಅಕ್ಕಿರೊಟ್ಟಿ, ಕಡುಬು, ಒಲೆಯ ಬಾಯಿ. ಕೈ ತಿರುಗಿಸಿದರೆ ದುಂಡು ತಾನಾಗಿ ಬರುತ್ತದೆ. ದೇವರೂ ಸುಲಭದ ದಾರಿಯನ್ನೇ ಹಿಡಿದಿದ್ದಾನೆ. ಚೌಕಾದ ಕಾಫಿ ಹಣ್ಣನ್ನು ನಾನಂತೂ ಕಂಡಿಲ್ಲ. ಮೂಲೆ ಬೇಕೆಂದರೆ ಯಾರಾದರೂ ಹಠ ಹಿಡಿಯಬೇಕು.

ಪೊರಕೆಕಡ್ಡಿಯನ್ನು ಬೋಲ್ಟಿನ ಕತ್ತಿನ ಅಳತೆಗೆ ಮುರಿದುಕೊಂಡು, ಪಟ್ಟಿಯ ಮೇಲೆ ಮೊಳೆಯಿಂದ ಚೌಕ ಗೀರಿದೆ. ಪಟ್ಟಿಯನ್ನು ವೈಸಿಗೆ ಕಚ್ಚಿಸಿ, ಗೆರೆ ದಾಟದ ಹಾಗೆ ಕೈ ಡ್ರಿಲ್ಲಿನಿಂದ ನಡುವೆ ದುಂಡು ತೂತು ಕೊರೆದೆ. ಆಮೇಲೆ ಮೂರುಮೂಲೆಯ ಅರ ಹಿಡಿದು ಒಂದೊಂದೇ ಮೂಲೆ ಬಿಡಿಸತೊಡಗಿದೆ. ಇದು ಸಾರಿಗೆ ಉಪ್ಪು ಹಾಕಿದ ಹಾಗೆ. ಕಡಿಮೆಯಾದರೆ ಮತ್ತೆ ಹಾಕಬಹುದು, ಹೆಚ್ಚಾದರೆ ಮುಗಿಯಿತು. ಎರಡು ಸಲ ಉಜ್ಜಿ ಒಂದು ಸಲ ಬೋಲ್ಟ್ ಇಟ್ಟು ನೋಡುತ್ತಿದ್ದೆ.

ಕೊನೆಯ ಮೂಲೆ ಉಳಿದಿರುವಾಗ ಹಾರ್ನ್ ಕೇಳಿಸಿತು.

"ಬಂದ ಕಣವ್ವಾ," ಎಂದ ಸುರೇಶ.

"ಹೊಡ್ಕೊಳ್ಲಿ ಬುಡು. ಬಂದಿರೋದು ಗುಜರಿಯವ್ನು, ಯಮ ಅಲ್ಲ."

ಗುಜರಿಯವನೂ ಬಂದು ಪಕ್ಕದಲ್ಲಿ ನಿಂತ. ಬೋಲ್ಟ್ ಅರ್ಧಕ್ಕೇ ನಿಂತಿತು. ಇನ್ನೆರಡು ಸಲ ಉಜ್ಜಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಕೂತಿತು. ಸುರೇಶ ಸ್ಪ್ಯಾನರ್ ಹಿಡಿದು ಹಲ್ಲು ಕಚ್ಚಿ ನಟ್ಟು ತಿರುಗಿಸಿದ. ಬೋಲ್ಟ್ ಅಲ್ಲಾಡಲಿಲ್ಲ.

"ಈ ವೈಸು ನಂಗ್ ಬ್ಯಾಡ ಕಣ್ಸಾರ್," ಎಂದ ಗುಜರಿಯವನು. "ತಗಂಡೋದ್ರೆ ಅಮ್ಮ ನನ್ ಜೀಪಿಗೇ ತೂತು ಹಾಕ್ಬುಡ್ತಾರೆ."

ವೈಸು ಈಗ ಮೇಜಿನ ಮೇಲಿದೆ, ಕಾಫಿ ಚೀಲಗಳು ಮೇಜಿನ ಕೆಳಗೆ. ಸ್ಕೇಲ್ ಇಟ್ಟು ನೋಡಿದರೆ ನನ್ನ ಚೌಕ ಒಂದು ಕಡೆ ಕೊಂಚ ಸೊಟ್ಟ. ದನಗಳಿಗೆ ಅದು ಗೊತ್ತಿಲ್ಲ, ನೀವೂ ಹೇಳಬೇಡಿ. ವಯಸ್ಸಾದವರ ಕೈಗೆ ಜಪಮಾಲೆಯನ್ನಾದರೆ ಕೇಳದಿದ್ದರೂ ತಂದುಕೊಡುತ್ತಾರೆ. ಅರವನ್ನು ಮಾತ್ರ ನಾವೇ ಎದ್ದುಹೋಗಿ ತೆಗೆದುಕೊಳ್ಳಬೇಕು.