ನಮ್ಮ ದೋಣಿಗೆ ಆರೇ ಜನ

ಗೆಳತಿಯರೇ, ಹೊಸ ಸೊಸೆಯ ಮಾತು ಇವತ್ತು ಗೆದ್ದಿತು! ಗುಡವಿ ಕೆರೆಯಲ್ಲಿ ನೆಂಟರಿಗೆ ಹಕ್ಕಿ ತೋರಿಸಲೆಂದು ಮಾವನವರು ಒಂದು ದೋಣಿ ಮಾಡಿಸಿದ್ದಾರೆ. ನಾಳೆ ಮಕ್ಕಳೂ ಸೇರಿ ಇಡೀ ಮನೆ ಅದರಲ್ಲಿ ಹೊರಡುವುದಿದೆ. ಎಷ್ಟು ಜನ ಹಿಡಿಸುತ್ತಾರೆಂದು ತಿಳಿಯಲು ಮಾವನವರು ಬೆಳಿಗ್ಗೆ ಒಬ್ಬರಿಗೆ ಒಂದರಂತೆ ಹತ್ತು ಭತ್ತದ ಮೂಟೆ ಹೇರಿಸಿದರು. ದೋಣಿ ಅಲುಗದೆ ತೇಲಿತು.

“ನೋಡ್ದ್ಯೇನಮ್ಮ? ಹತ್ತು ಜನ ಆರಾಮಾಗಿ ಹೋಗ್ಬಹುದು,” ಎಂದರು.

“ಮಾವ, ಮೂಟೆ ಹಕ್ಕಿ ನೋಡೋಕೆ ಎದ್ದು ನಿಲ್ಲಲ್ವಲ್ಲ!” ಎಂದೆ.

ಅತ್ತೆ ನನ್ನ ಗಂಡನ ಕಡೆ ತಿರುಗಿ, “ಕಾನ್ವೆಂಟಲ್ಲಿ ಹೆದರೋದನ್ನ ಚೆನ್ನಾಗಿ ಕಲ್ಸಿದಾರೆ ಕಣೋ,” ಎಂದರು.

ನಾನು ಬಿಡಲಿಲ್ಲ. ದಡದ ಹತ್ತಿರ, ಮೊಣಕಾಲುದ್ದ ನೀರಿನಲ್ಲೇ ಹತ್ತು ಜನ ದೊಡ್ಡವರನ್ನು ದೋಣಿಯಲ್ಲಿ ಕೂರಿಸಿ, “ಅಗೋ, ಬೆಳ್ಳಕ್ಕಿ ಮರಿ!” ಎಂದು ಕೂಗಿದೆ. ಹತ್ತೂ ಜನ ಎದ್ದು ಒಂದೇ ಬದಿಗೆ ವಾಲಿದರು. ಎಲ್ಲರಿಗಿಂತ ಮೊದಲು ಎದ್ದವರು ಮಾವನವರೇ! ನೀರು ಅಂಚು ದಾಟಿ ಒಳಗೆ ನುಗ್ಗಿತು.

ಆಮೇಲೆ ಒಬ್ಬೊಬ್ಬರನ್ನೇ ಇಳಿಸುತ್ತಾ, ಉಳಿದವರನ್ನು ಬೇಕೆಂದೇ ಒಂದು ಬದಿಗೆ ವಾಲಿಸಿ ನೋಡಿದೆವು. ಆರು ಜನ ಉಳಿದಾಗಲೇ ನೀರು ಒಳಗೆ ಬರುವುದು ನಿಂತಿದ್ದು. ಮಾವನವರೇ ದೋಣಿಯ ಮೇಲೆ ಸುಣ್ಣದಲ್ಲಿ ಆರು ಎಂದು ಬರೆದರು.

ಅತ್ತೆ ಸೀರೆಯ ನೆರಿಗೆ ಹಿಂಡುತ್ತಾ ಅವರಿಗೆ, “ಮದುವೆಯಾಗಿ ತಿಂಗಳಾಗಿಲ್ಲ, ಮನೆಯವರನ್ನೆಲ್ಲ ಕೆರೆಗಿಳಿಸಿದ್ಲು ನೋಡ್ರಿ!” ಎಂದರು. ನಗುತ್ತಲೇ ಎಂದರು.

ನಾಳೆ ಸರದಿಯ ಮೇಲೆ ಹೋಗುತ್ತೇವೆ. ತವರಿಗೆ ಬರುವ ನನ್ನನ್ನು ಕರೆದೊಯ್ಯಲು ಬೆಂಗಳೂರು ಸ್ಟೇಷನ್ನಿಗೆ ಮಾತ್ರ ನೀವು ಎಷ್ಟು ಜನ ಬಂದರೂ ಅಡ್ಡಿಯಿಲ್ಲ: ಶನಿವಾರ, ಬೆಳಗಿನ ಶಿವಮೊಗ್ಗ ರೈಲು.