ನಾಲ್ಕು ಕಪ್‌ಗಳ ಮುಂದೆ ಚಿಕ್ಕಬಸಮ್ಮ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕಾಳಿನ ಸಿಪ್ಪೆ ತೆಗೆದು ವಿಂಗಡಿಸುವ ಈ ಪುಟ್ಟ ಕ್ಯೂರಿಂಗ್ ಕಾರ್ಖಾನೆಯಲ್ಲಿ ಯಂತ್ರಗಳು ಶುರುವಾಗಲು ಇನ್ನೂ ಮುಕ್ಕಾಲು ಗಂಟೆ ಇದೆ. ಕಪಿಲೆಯ ಕಡೆಯಿಂದ ಬಂದ ಜನವರಿಯ ಮಂಜು ಶೆಡ್ಡಿನ ಬಾಗಿಲವರೆಗೂ ಬಂದು ನಿಂತಿದೆ. ಒಳಗೆ, ಎಳೆ ಬೆಳಕಿನಲ್ಲಿ, ಕಾಫಿ ಕಾಳಿನ ಹೊಟ್ಟು ಇಳಿಯಲೋ ಬೇಡವೋ ಎಂಬಂತೆ ತೇಲುತ್ತಿದೆ. ಉದ್ದನೆಯ ಮೇಜಿನ ತುದಿಯಲ್ಲಿ ಚಿಕ್ಕಬಸಮ್ಮ ಕೂತಿದ್ದಾರೆ. ಒಂದು ಬೊಗಸೆ ಹಸಿರು ಕಾಳನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ್ದಾರೆ. ನಿದ್ದೆ ಹೋದರೇನೋ ಅನ್ನಿಸುವಷ್ಟು ಹೊತ್ತು ಹಾಗೇ ಇರುತ್ತಾರೆ. ಆಮೇಲೆ ಕಾಳನ್ನು ಮೇಜಿನ ಮೇಲೆ ಹರಡಿ, ಎರಡು ಬೆರಳಿನಲ್ಲಿ ಕಪ್ಪಾದದ್ದು, ಹುಳು ಕೊರೆದದ್ದು, ಒಡೆದದ್ದನ್ನೆಲ್ಲ ಪಕ್ಕಕ್ಕೆ ಸರಿಸತೊಡಗುತ್ತಾರೆ.

“ಒಂದೈದ್ನಿಮ್ಸ ಮಾತಾಡಿಸ್ಬೇಡಿ ಸಾ. ಮಾತಾಡ್ದ್ರೆ ಕಣ್ಣು ಎಲ್ಲೋ ಒಂಟೋಯ್ತದೆ.”

ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಸುಮ್ಮನೆ ಕೂರಲಾಗದೆ ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಆರಿಸಲು ನೋಡುತ್ತೇನೆ. ನಾನು ಹೊರಗೆ ಹಾಕಿದ ಹದಿನೇಳು ಕಾಳಿನಲ್ಲಿ ಹದಿನಾಲ್ಕನ್ನು ಆಕೆ ಮತ್ತೆ ಒಳಗೆ ಸೇರಿಸುತ್ತಾರೆ. ನಾನು ಒಳ್ಳೆಯದೆಂದು ಬಿಟ್ಟಿದ್ದರಲ್ಲಿ ಆರನ್ನು ತೆಗೆದುಬಿಡುತ್ತಾರೆ.

ದಿನಕ್ಕೆ ಸುಮಾರು ಅರವತ್ತು ಕಿಲೋ. ಕಿಲೋಗೆ ಆರು ಸಾವಿರಕ್ಕಿಂತ ಹೆಚ್ಚು ಕಾಳು. ಲೆಕ್ಕ ಹಾಕಿದರೆ ದಿನವೂ ಹತ್ತಿರ ಹತ್ತಿರ ನಾಲ್ಕು ಲಕ್ಷ ಕಾಳು ಈ ಎರಡು ಕಣ್ಣುಗಳ ಮುಂದೆ ಹಾದುಹೋಗುತ್ತವೆ. ಅದು ಹದಿನಾಲ್ಕು ವರ್ಷದಿಂದ. “ಕಣ್ಮುಚ್ಚುದ್ರೂ ಕಾಳೇ ಸಾ. ಕನಸ್ನಲ್ಲಿ ಒಳೆ ಅರಿಯೋದು ಬತ್ತದೆ, ನೀರಿಲ್ಲ, ಬರೀ ಕಾಳು. ನಾನು ಅದ್ರಲ್ಲಿ ಮೊಣಕಾಲ್ಗಂಟ ನಿಂತಿರ್ತೀನಿ. ಎದ್ರಿಕೆ ಏನಾಗಲ್ಲ, ತಣ್ಣಗಿರ್ತದೆ,” ಎಂದು ನಗುತ್ತಾರೆ.

ಚಿಕ್ಕಬಸಮ್ಮನವರಿಗೆ ಈಗ ಐವತ್ತೆರಡು. ತವರು ಬನ್ನೂರಿನ ಪಕ್ಕದ ಹಳ್ಳಿ, ಸೇರಿದ ಮನೆ ತಾಂಡವಪುರದ ಹತ್ತಿರ. ಗಂಡ ಬೋರಯ್ಯ ಗಾರೆ ಕೆಲಸಕ್ಕೆ ಹೋಗುತ್ತಿದ್ದವರು. ೧೯೯೨ರಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ತೀರಿಕೊಂಡರು. ಮಗಳು ಪವಿತ್ರಳಿಗೆ ಆಗ ಒಂಬತ್ತು ವರ್ಷ. ತಿಂಗಳು ಕಳೆಯುವುದರೊಳಗೆ ಚಿಕ್ಕಬಸಮ್ಮ ಈ ಮೇಜಿಗೆ ಬಂದರು. ಆಗ ಇಲ್ಲಿ ನೂರಾ ಹತ್ತು ಹೆಂಗಸರು ಕೂತು ಕಾಳು ಆರಿಸುತ್ತಿದ್ದರು. ೧೯೯೯ರಲ್ಲಿ ಬಣ್ಣ ನೋಡಿ ಕಾಳು ಬೇರೆ ಮಾಡುವ ಯಂತ್ರ ಬಂತು. ಈಗ ಉಳಿದಿರುವವರು ಹತ್ತೊಂಬತ್ತು ಜನ. ಅವರನ್ನೂ ಎಂದು ಕಳಿಸುತ್ತಾರೋ ಎಂಬ ಮಾತು ವರ್ಷಕ್ಕೊಮ್ಮೆಯಾದರೂ ಏಳುತ್ತಿತ್ತು. ಮಗಳು ಮದುವೆಯಾಗಿ ತಿ. ನರಸೀಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನ ಜೊತೆಗೇ ಇದ್ದುಬಿಡು ಎಂದು ಕರೆಯುತ್ತಲೇ ಇದ್ದಾಳೆ. ಇವರು ಹೋಗಿಲ್ಲ.

ರಘು ಇಲ್ಲಿಗೆ ಬಂದದ್ದು ೨೦೦೫ರ ಅಕ್ಟೋಬರಿನಲ್ಲಿ. ನರಸೀಪುರದವರೇ, ಇಪ್ಪತ್ತಾರು ವರ್ಷ. ಮೈಸೂರಿನ ಕಾಫಿ ಅಂಗಡಿಯೊಂದರಲ್ಲಿ ಬರಿಸ್ಟಾ. ಅಂದರೆ ಉಗಿ ಬಿಡುವ ದೊಡ್ಡ ಎಸ್ಪ್ರೆಸೊ ಯಂತ್ರದಲ್ಲಿ ಕಾಫಿ ತೆಗೆದುಕೊಡುವ ಕೆಲಸ. ಮುಂದಿನ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆಯಲಿದ್ದ ಬರಿಸ್ಟಾ ಸ್ಪರ್ಧೆಗೆ ಅವರು ಹೆಸರು ಕೊಟ್ಟಿದ್ದರು. ಹದಿನೈದು ನಿಮಿಷದಲ್ಲಿ ನಾಲ್ಕು ಜನ ತೀರ್ಪುಗಾರರಿಗೆ ಮೂರು ಬಗೆಯ ಕಾಫಿ ಮಾಡಿಕೊಡಬೇಕು. ಮಾಡುತ್ತಲೇ ಅದು ಎಲ್ಲಿಯ ಕಾಫಿ, ಅದರ ರುಚಿ ಏನು ಎಂದು ಮಾತಾಡುತ್ತಲೂ ಇರಬೇಕು. ಅದಕ್ಕೆಂದು ಈ ಕಾರ್ಖಾನೆಯಿಂದ ಒಂದೇ ತೋಟದ ಹತ್ತು ಕಿಲೋ ಕಾಳು ಒಯ್ದಿದ್ದರು. ಹುರಿಸಿ ಮಾಡಿ ನೋಡಿದರೆ ನಾಲ್ಕು ಕಪ್‌ನಲ್ಲಿ ಒಂದಕ್ಕೆ ಕೆಟ್ಟ ವಾಸನೆ. ಇನ್ನೊಂದು ಹತ್ತು ಕಿಲೋ ಕೇಳಲು ಬಂದಾಗ ಮೇಸ್ತ್ರಿ ಚಿಕ್ಕಸ್ವಾಮಿ ಅವರನ್ನು ನೇರ ಚಿಕ್ಕಬಸಮ್ಮನ ಮೇಜಿಗೆ ಕರೆತಂದರು.

“ಮಿಷಿನ್ನು ಬಣ್ಣ ನೋಡ್ತದೆ ಕಣಪ್ಪ. ಒಳ್ಗೆ ಕೊಳ್ತೋಗಿದ್ಯಾ ಅಂತ ಅದಕ್ಕೇನ್ ಗೊತ್ತು?” ಎಂದರು ಚಿಕ್ಕಬಸಮ್ಮ. ಹತ್ತು ಕಿಲೋವನ್ನೂ ಒಂದು ದಿನ ಪೂರ್ತಿ ಕೂತು ಕೈಯಲ್ಲೇ ಆರಿಸಿಕೊಟ್ಟರು. ಕೊಡುವಾಗ, ಇದೆಲ್ಲ ಯಾತಕ್ಕೆ ಎಂದು ಕೇಳಿದರು. ರಘು ಜೇಬಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದು, ಕಾಫಿ ರುಚಿಗೆ ವಿದೇಶದವರು ಕೊಟ್ಟಿದ್ದ ಹೆಸರುಗಳನ್ನು ಓದಿದರು. ಸ್ಪರ್ಧೆಯಲ್ಲಿ ಹೇಳಲು ಬಾಯಿಪಾಠ ಮಾಡುತ್ತಿದ್ದ ಹಣ್ಣುಗಳ ಹೆಸರು ಅವು.

“ಈ ಅಣ್ಣೆಲ್ಲ ತಿಂದಿದ್ದೀಯಾ ಮಗ?”

“ಇಲ್ಲ ಕಣವ್ವ.”

“ತಿನ್ದೇ ಇರೋ ಅಣ್ಣಿನ ಎಸ್ರು ಯಾಕ್ ಏಳ್ತೀಯ?”

ಆ ಮಾತು ತಲೆಯಲ್ಲೇ ಕೂತುಬಿಟ್ಟಿತು ಎನ್ನುತ್ತಾರೆ ರಘು. ಮುಂದಿನ ಭಾನುವಾರ ಅವರು ಚಿಕ್ಕಬಸಮ್ಮನನ್ನು ಮೈಸೂರಿಗೆ ಕರೆಸಿಕೊಂಡರು. ಅಂಗಡಿ ತೆರೆಯುವ ಮುಂಚೆ ಎರಡು ಗಂಟೆ ಯಂತ್ರ ಬಳಸಲು ಮಾಲೀಕರು ಒಪ್ಪಿದ್ದರು. ಬೆತ್ತದ ಕುರ್ಚಿಗಳು, ಗಾಜಿನ ಗೋಡೆ, ಹೊರಗೆ ಆಗತಾನೇ ಎಚ್ಚರವಾಗುತ್ತಿದ್ದ ರಸ್ತೆ. ತೀರ್ಪುಗಾರರ ಜಾಗದಲ್ಲಿ ನಾಲ್ಕು ಕಪ್. ನಾಲ್ಕಕ್ಕೂ ಒಬ್ಬರೇ ಚಿಕ್ಕಬಸಮ್ಮ. ಮೊದಲ ಎಸ್ಪ್ರೆಸೊ ನಾಲಿಗೆಗೆ ತಾಗಿದ್ದೇ, “ಇದೇನಪ್ಪಾ, ಕಸಾಯನಾ?” ಎಂದು ಕೆಳಗಿಟ್ಟರಂತೆ.

ಎರಡನೆಯ ಭಾನುವಾರ ಕೆಳಗಿಡಲಿಲ್ಲ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಯಂತ್ರದ ಉಗಿ ಗಾಜಿನ ಮೇಲೆ ಮಂಕಾಗಿ ಹರಡಿತ್ತು. ಕಣ್ಣು ತೆರೆಯದೆಯೇ ಆಕೆ ಯಾರಿಗೋ ಹೇಳುವವರಂತೆ ಮೆಲ್ಲಗೆ ಹೇಳಿದರು: “ನಮ್ಮಪ್ಪನ ಆಲೆಮನೆ. ಬೆಲ್ಲ ಇಳಿಸೋ ಒತ್ತು. ಕೊಪ್ಪರಿಗೆ ಅಂಚ್ನಲ್ಲಿ ಅಂಟ್ಕಂಡಿರೋ ಪಾಕ, ಸೀಯೋಕೆ ಮುಂಚೆ.” ಇನ್ನೊಂದು ಗುಟುಕಿಗೆ, “ರಸಬಾಳೆ ಗೊನೆ ಅಣ್ಣಾಗಕ್ಕೆ ಮಡಗಿರೋ ಕ್ವಾಣೆ ಬಾಗ್ಲು ತೆಗ್ದಂಗೆ,” ಎಂದರು. ರಘು ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ಹಾಗೆ ಹದಿನಾರು ಭಾನುವಾರ. ಸ್ಪರ್ಧೆಯ ಮಾತೆಲ್ಲ ಆ ಬೆಳಗುಗಳಲ್ಲೇ ಹುಟ್ಟಿತು. ಚಿಕ್ಕಬಸಮ್ಮ ಇನ್ನೊಂದು ರೂಢಿಯನ್ನೂ ಕಲಿಸಿದರು. ಯಂತ್ರಕ್ಕೆ ಹಾಕುವ ಮುಂಚೆ ಪ್ರತಿ ಸಲವೂ ಪುಡಿಯನ್ನು ಮೂಸಬೇಕು.

ಸ್ಪರ್ಧೆಯ ದಿನ ಪವಿತ್ರಳೇ ತಾಯಿಯನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದಳು. ದೊಡ್ಡ ಹೋಟೆಲಿನ ಸಭಾಂಗಣ. ಮೂರನೆಯ ಸಾಲಿನಲ್ಲಿ ಕೂತರು. ರಘು ಇಂಗ್ಲಿಷಿನಲ್ಲಿ ಶುರುಮಾಡಿ, ರುಚಿಯ ಮಾತು ಬಂದಾಗ ‘ಆಲೆಮನೆ’ ಎಂದು ಕನ್ನಡದಲ್ಲೇ ಹೇಳಿ, ಹಾಗೆಂದರೇನು ಎಂದು ತೀರ್ಪುಗಾರರಿಗೆ ವಿವರಿಸಿದರು. “ನಮ್ಮಪ್ಪ ಅಲ್ಲೇ ಎಲ್ಲೋ ನಿಂತವ್ನೆ ಅನ್ನಿಸ್ತು ಸಾ,” ಎನ್ನುತ್ತಾರೆ ಚಿಕ್ಕಬಸಮ್ಮ. ಎಸ್ಪ್ರೆಸೊ ಆಯಿತು. ಹಾಲಿನ ಕಾಫಿ ಆಯಿತು. ಕೊನೆಯದು ಬನ್ನೂರು ಬೆಲ್ಲದ ಪಾಕ ಸೇರಿಸಿ ರಘುವೇ ರೂಪಿಸಿದ್ದ ಪೇಯ. ಅದಕ್ಕೆ ಪುಡಿ ಮಾಡಿ ಮೂಸಿದ ರಘು ನಿಂತುಬಿಟ್ಟರು. ಇನ್ನೊಮ್ಮೆ ಮೂಸಿದರು. ಪುಡಿಯನ್ನು ಚೆಲ್ಲಿ, ಯಂತ್ರದ ಬಾಯಿ ತೊಳೆದು, ಗ್ರೈಂಡರ್ ಖಾಲಿ ಮಾಡಿ, ಹೊಸದಾಗಿ ಶುರುಮಾಡಿದರು. ಮುಗಿಸುವಾಗ ಹದಿನೈದು ನಿಮಿಷದ ಮೇಲೆ ನಲವತ್ತೊಂದು ಸೆಕೆಂಡಾಗಿತ್ತು. ಒಂದೊಂದು ಸೆಕೆಂಡಿಗೂ ಅಂಕ ಕಳೆಯುತ್ತಾರೆ. ಇಪ್ಪತ್ತನಾಲ್ಕು ಜನರಲ್ಲಿ ರಘು ಹನ್ನೊಂದನೆಯವರಾದರು. ಅಂತಿಮ ಸುತ್ತಿಗೆ ಆರು ಜನ ಮಾತ್ರ.

ಅವರು ಯಾಕೆ ಚೆಲ್ಲಿದರೆಂದು ಇಡೀ ಸಭೆಯಲ್ಲಿ ಗೊತ್ತಾದದ್ದು ಮೂರನೆಯ ಸಾಲಿನ ಒಬ್ಬರಿಗೇ. ಆರಿಸಿದ ಕಾಳಿನಲ್ಲಿ ಕೊಳೆತದ್ದೊಂದು ಉಳಿದುಬಿಟ್ಟಿತ್ತು. ಬಸ್ಸಿನಲ್ಲಿ ಬರುವಾಗ, ಮಂಡ್ಯ ದಾಟಿದ ಮೇಲೆ, ಚಿಕ್ಕಬಸಮ್ಮ ಮಗಳಿಗೆ, “ನನ್ ಕೈಯಿಂದ್ಲೇ ಆ ಉಡ್ಗ ಸೋತ,” ಎಂದರಂತೆ. ಮುಂದಿನ ಭಾನುವಾರ ಮೈಸೂರಿಗೆ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ.

ಮೂರನೆಯ ಭಾನುವಾರ ರಘುವೇ ತಾಂಡವಪುರದ ಬಸ್ಸು ಹಿಡಿದು ಬಂದರು. ಕೈಯಲ್ಲಿ ಹುರಿಯದೆ ಉಳಿದಿದ್ದ ಮೂರು ಕಿಲೋ ಕಾಳು. ಚಿಕ್ಕಬಸಮ್ಮ ಅದನ್ನು ಮೊರಕ್ಕೆ ಸುರಿದು, ಜಗುಲಿಯ ಮೇಲೆ ಕೂತು ಮತ್ತೆ ಆರಿಸಿದರು. ಕಣ್ಣಿಗೆ ಒಂದೂ ಸಿಗಲಿಲ್ಲ. ಕೊನೆಗೆ ಹಿಡಿ ಹಿಡಿಯಾಗಿ ಮೂಸುತ್ತಾ ಹೋದರು. ಒಂದು ಹಿಡಿಯಲ್ಲಿ ಅನುಮಾನ ಬಂದು, ಒಂದೊಂದೇ ಕಾಳನ್ನು ಗುಂಡುಕಲ್ಲಿನಿಂದ ಕುಟ್ಟಿದರು. ಸಿಕ್ಕಿತು. ಒಡೆಯುವ ಮುಂಚೆ ಅದು ಎಲ್ಲ ಕಾಳಿನಂತೆಯೇ ಇತ್ತು. ಬಣ್ಣ, ಹೊಳಪು, ಯಾವುದರಲ್ಲೂ ಕುಂದಿಲ್ಲ. ಒಳಗೆ ಮಾತ್ರ ನಾರುತ್ತಿತ್ತು.

“ನೋಡವ್ವ, ಇದು ಯಾರ ಕಣ್ಗೂ ಬೀಳಲ್ಲ,” ಎಂದರು ರಘು. “ನೀನು ಮೂಸೋದು ಕಲಿಸ್ದೇ ಇದ್ದಿದ್ರೆ ಆ ಕಾಪಿನ ಜಡ್ಜ್ ಕೈಗೆ ಕೊಟ್ಬಿಡ್ತಿದ್ದೆ. ಸೋತಿದ್ದಕ್ಕೆ ಬೇಜಾರಿಲ್ಲ ಕಣವ್ವ. ಕೊಟ್ಟಿದ್ರೆ ಬೇಜಾರಾಗೋದು.”

ಆಗ ಅತ್ತುಬಿಟ್ಟೆ ಎಂದು ಚಿಕ್ಕಬಸಮ್ಮ ಸಂಕೋಚವಿಲ್ಲದೆ ಹೇಳುತ್ತಾರೆ. ಅತ್ತಾದ ಮೇಲೆ ರಘುವಿಗೆ ರೊಟ್ಟಿ ತಟ್ಟಿದರಂತೆ.

ಮರುದಿನ ಕಾರ್ಖಾನೆಯಲ್ಲಿ ಆಕೆ ಕಾಳನ್ನು ನೋಡುವ ಮುಂಚೆ ಮೂಸಿದರು. ಚಿಕ್ಕಸ್ವಾಮಿ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಕಳೆದ ಹತ್ತು ತಿಂಗಳಲ್ಲಿ ಯಂತ್ರ ಪಾಸು ಮಾಡಿದ್ದ ನಾಲ್ಕು ಲಾಟುಗಳನ್ನು ಆಕೆಯ ಮೂಗು ತಡೆದಿದೆ. ಈಗ ಬೆಲೆಬಾಳುವ ಕಾಳು ಏನೇ ಬಂದರೂ ಮೊದಲು ಒಂದು ಬೊಗಸೆ ಈ ಮೇಜಿಗೆ ಬರುತ್ತದೆ. ಜೊತೆಯ ಹೆಂಗಸರಿಗೂ ಆಕೆ ಮೂಸುವುದನ್ನು ಕಲಿಸುತ್ತಿದ್ದಾರೆ. ಅವರನ್ನು ಕಳಿಸುವ ಮಾತು ಈ ವರ್ಷ ಯಾರೂ ಎತ್ತಿಲ್ಲ. ರಘು ಮತ್ತೆ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆ, ಭಾನುವಾರಗಳು ಮತ್ತೆ ಶುರುವಾಗಿವೆ.

ಈ ಸಲ ರಘು ಗೆದ್ದರೆ ನಿಮಗೆ ಏನು ಬೇಕು ಎಂದು ಕೇಳುತ್ತೇನೆ. ಗೆಲ್ಲುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವಂತೆ ಆಕೆ ಕೈಯಾಡಿಸುತ್ತಾರೆ. ಆಮೇಲೆ ಆರಿಸುವುದನ್ನು ನಿಲ್ಲಿಸಿ, ಕಿಟಕಿಯ ಕಡೆ ನೋಡುತ್ತಾ ಹೇಳುತ್ತಾರೆ:

“ಇಷ್ಟ್ ವರ್ಸ ಕಾಳು ಮುಟ್ಟಿವ್ನಿ ಸಾ, ಕಾಪಿ ಗಿಡ ನೋಡಿಲ್ಲ. ಬೇಸ್ಗೇಲಿ ಒಂದ್ ಮಳೆ ಬಿದ್ರೆ ಎಂಟತ್ತು ದಿನಕ್ಕೆ ತ್ವಾಟೆಲ್ಲ ಬೆಳ್ಳಗೆ ಊವಾಯ್ತದಂತೆ. ಮೂರೇ ದಿನ ಇರ್ತದಂತೆ. ಮಲ್ಲಿಗೆ ತರ ಗಮಗಮ ಅಂತದೆ ಅಂತಾರೆ ಎಲ್ರೂ. ಅವರಂದ್ಬುಟ್ರೆ ಆಗೋಯ್ತಾ? ಒಂದ್ಸಲ ನಾನೇ ಓಗಿ ಮೂಸ್ಬೇಕು ಸಾ. ಮೂಸಿ, ಅದು ಏನ್ ವಾಸ್ನೆ ಅಂತ ನಾನೇ ಏಳ್ಬೇಕು.”